ಪಟ್ಟೆ ಚೀಲದೊಳಗಿನ ನಡಿಗೆ

ಶಿವರಾತ್ರಿ ಕಳೆದ ಮೇಲೆ ಆಚಾರ್ರ ಗೆರೆ ಇಳಿಯತೊಡಗಿತು. ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂವರು ರೋಗಿಗಳ ಮೂರು ಗೆರೆಗಳಿದ್ದವು. ನಡಿಗೆ ಸುಧಾರಿಸಿದರೆ ಗೆರೆ ಮೇಲೇರುತ್ತದೆ, ಕೆಟ್ಟರೆ ಕೆಳಗಿಳಿಯುತ್ತದೆ. ಯಶವಂತನಗರದ ವೇಬ್ರಿಡ್ಜ್‌ನಲ್ಲಿ ಅದಿರಿನ ಲಾರಿ ತೂಗುವ ಗುಮಾಸ್ತರ ಗೆರೆ ಹಲಗೆಯ ಹಾಗೆ ಸಮನಾಗಿತ್ತು. ಕಂಪ್ಲಿಯಲ್ಲಿ ಬ್ಲೌಸ್ ಹೊಲಿಯುವ ಅಕ್ಕನದು ತುಸು ಬಾಗಿತ್ತು. ಹಂಪಿಯ ಆಚಾರ್ರದು ಮಾತ್ರ ವಾರದಿಂದ ವಾರಕ್ಕೆ ಜಾರುತ್ತ ಬಂದು, ಯುಗಾದಿಯ ಹೊತ್ತಿಗೆ ಪರದೆಯ ತಳಕ್ಕೇ ಹೋಗಿತ್ತು.

ಮೂವರಿಗೂ ಇದ್ದದ್ದು ಮಲ್ಟಿಪಲ್ ಸ್ಕ್ಲೆರೋಸಿಸ್, ಆಸ್ಪತ್ರೆಯ ಮಾತಿನಲ್ಲಿ ಎಂಎಸ್. ದೇಹದ ಕಾವಲು ವ್ಯವಸ್ಥೆಯೇ ದಾರಿ ತಪ್ಪಿ, ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ ಇದು. ಇಲಿ ಕಡಿದ ವೈರಿನಲ್ಲಿ ಕರೆಂಟು ಒಮ್ಮೆ ಹರಿದು ಒಮ್ಮೆ ನಿಲ್ಲುತ್ತದಲ್ಲ, ಹಾಗೆ. ಕಾಲು ಎಳೆಯುತ್ತದೆ, ಕಣ್ಣು ಮಂಜಾಗುತ್ತದೆ, ಕೆಲಸವೇ ಮಾಡದೆ ದಣಿವಾಗುತ್ತದೆ. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ಹೊಸ ಪೆಟ್ಟು ಬೀಳದಂತೆ ತಡೆಯುವ ಔಷಧಿಗಳಿವೆ, ಅವುಗಳಲ್ಲಿ ಸೌಮ್ಯವಾದವೂ ಇವೆ, ಜೋರಾದವೂ ಇವೆ. ಯಾರಿಗೆ ಯಾವುದು ಎಂದು ತೀರ್ಮಾನಿಸಲು ಕಾಯಿಲೆ ಎತ್ತ ಸಾಗುತ್ತಿದೆ ಎಂಬುದು ಗೊತ್ತಿರಬೇಕು. ಆದರೆ ತಿಂಗಳಿಗೊಮ್ಮೆ ಹೊಸಪೇಟೆಗೆ ಬರುವ ನರರೋಗ ತಜ್ಞರಿಗೆ ಒಬ್ಬ ರೋಗಿಯ ನಡಿಗೆ ಕಾಣುವುದು ಆಸ್ಪತ್ರೆಯ ಓಣಿಯಲ್ಲಿ, ಅದೂ ಕೆಲವೇ ನಿಮಿಷ. ಉಳಿದ ದಿನಗಳಲ್ಲಿ ಆ ಮನುಷ್ಯ ಹೇಗೆ ನಡೆದಾಡಿದ ಎಂಬುದನ್ನು ಅವರ ಮುಂದಿಡುವುದು ನನ್ನ ಸ್ನಾತಕೋತ್ತರ ಪ್ರಬಂಧದ ಕೆಲಸವಾಗಿತ್ತು. ನಾನು ಫಿಸಿಯೋಥೆರಪಿ ಓದುತ್ತಿದ್ದೆ.

ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಸಂಡೂರಿನ ಶಾಲಾ ಗೆಳತಿ ಇದಕ್ಕಾಗಿ ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಗಳನ್ನು ಮಾಡಿಕೊಟ್ಟಿದ್ದಳು. ಒಳಗೆ ಚಲನೆ ಅಳೆಯುವ ಒಂದು ಚಿಪ್, ಒಂದು ಮೆಮೊರಿ ಕಾರ್ಡ್, ಒಂದು ಸೆಲ್ಲು. ಕಪ್ಪು ನೈಲಾನ್ ಪಟ್ಟಿಯಿಂದ ಪಾದದ ಗಂಟಿನ ಮೇಲೆ ಕಟ್ಟಿಕೊಂಡರೆ ಕಾಲು ಎಷ್ಟು ಎತ್ತಿತು, ಎಷ್ಟು ಹೊತ್ತು ಗಾಳಿಯಲ್ಲಿತ್ತು, ನೆಲಕ್ಕೆ ಹೇಗೆ ಬಿತ್ತು ಎಲ್ಲವೂ ದಾಖಲಾಗುತ್ತಿತ್ತು. ಡಬ್ಬಿ ಅಲುಗಾಡದೆ ಇದ್ದ ಹೊತ್ತನ್ನು ನಮ್ಮ ಪ್ರೋಗ್ರಾಂ 'ವಿಶ್ರಾಂತಿ' ಎಂದು ಬರೆದುಕೊಳ್ಳುತ್ತಿತ್ತು. ಹಗಲೂ ರಾತ್ರಿ ಕಟ್ಟಿಕೊಂಡಿರಿ, ಸ್ನಾನಕ್ಕೆ ಮಾತ್ರ ಬಿಚ್ಚಿ ಎಂದು ಮೂವರಿಗೂ ಹೇಳಿದ್ದೆ. ನಮ್ಮ ಮನೆಯಲ್ಲಿ ಸ್ನಾನ ಎಂದರೆ ಮೈಮೇಲೆ ನಾಲ್ಕು ಚೊಂಬು ಸುರಿದುಕೊಂಡು ಬರುವುದು. ಎಲ್ಲರ ಮನೆಯಲ್ಲೂ ಅಷ್ಟೇ ಎಂದುಕೊಂಡಿದ್ದೆ.

ಆಚಾರ್ರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ನದಿ ದಂಡೆಯ ಒಂದು ಸಣ್ಣ ಗುಡಿಯ ಪೂಜೆ ಅವರ ಮನೆತನದ್ದು. ದಿನವೂ ಬೆಳಿಗ್ಗೆ ತುಂಗಭದ್ರೆಯಲ್ಲಿ ಮುಳುಗಿ, ತಾಮ್ರದ ಕೊಡದಲ್ಲಿ ಅಭಿಷೇಕದ ನೀರು ಹೊತ್ತು ಕಲ್ಲಿನ ಮೆಟ್ಟಿಲು ಹತ್ತುವುದು ಅಲ್ಲಿಯ ಪದ್ಧತಿ. ಮೊದಲ ಸಲ ಡಬ್ಬಿ ಕಟ್ಟಲು ಹೋದ ದಿನ ನನಗೆ ಮಧ್ಯಾಹ್ನದ ತನಕ ಅವರ ದರ್ಶನವೇ ಆಗಿರಲಿಲ್ಲ. ಸಂಡೂರಿನಿಂದ ಮೊದಲ ಬಸ್ಸು ಹಿಡಿದು, ಹೊಸಪೇಟೆಯಲ್ಲಿ ಇನ್ನೊಂದು ಹತ್ತಿ, ಬೆವರೊರೆಸಿಕೊಳ್ಳುತ್ತ ಹೊಸ್ತಿಲ ಹತ್ತಿರ ಹೋದರೆ ಅವರ ತಾಯಿ ಅಂಗೈ ಎತ್ತಿ ತಡೆದರು. "ದೂರ ನಿಂದ್ರಮ್ಮ, ಮಡಿ ಅದ. ಪೂಜಿ ಮುಗೀಲಿ, ಆಮ್ಯಾಲ ಬಾ" ಎಂದರು. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತು ಕುದಿಯುತ್ತಿದ್ದೆ. ಅವರ ಮಗನ ಕಾಲಿಗಾಗಿ ಬಂದವಳು ನಾನು, ನನ್ನ ನೆರಳೇ ಆಗುವುದಿಲ್ಲವೆಂದರೆ ಹೇಗೆ? ಆ ದಿನದಿಂದ ಬೆಳಿಗ್ಗೆ ಅವರ ಮನೆಯ ಕಡೆ ತಲೆಹಾಕಲಿಲ್ಲ. ಹೋದಾಗಲೆಲ್ಲ ಮಧ್ಯಾಹ್ನವೇ ಹೋಗುತ್ತಿದ್ದೆ.

ಯುಗಾದಿಯ ನಂತರ ತಜ್ಞರು ಬಂದ ದಿನ ಆಚಾರ್ರು ಆಸ್ಪತ್ರೆಯ ಓಣಿಯಲ್ಲಿ ನನ್ನ ತೋಳು ಹಿಡಿದುಕೊಂಡೇ ನಡೆದರು. ಬಲಗಾಲಿನ ಬೆರಳು ನೆಲಕ್ಕೆ ಉಜ್ಜುತ್ತಿತ್ತು. ಇಪ್ಪತ್ತೈದು ಅಡಿ ನಡೆಸಿ ಹೊತ್ತು ಅಳೆಯುವ ಪರೀಕ್ಷೆ ಮಾಡಿದ ವೈದ್ಯರು, ನನ್ನ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಬೇಸಿಗೆಯ ಬಿಸಿಯಲ್ಲಿ ಎಂಎಸ್ ರೋಗಿಗಳ ನಡಿಗೆ ಕೆಡುವುದು ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಅದನ್ನು ಅವರೇ ಎತ್ತಿದರು, ಅವರೇ ಅಲ್ಲಗಳೆದರು. ಬಿಸಿಯೇ ಕಾರಣವಾಗಿದ್ದರೆ ಬೆಳಗಿನ ತಂಪಿನಲ್ಲಿ ಈ ಮನುಷ್ಯ ಚೆನ್ನಾಗಿ ಓಡಾಡಬೇಕಿತ್ತು. ನಿಮ್ಮ ದಾಖಲೆ ನೋಡಿದರೆ ಸ್ನಾನದ ಹೊತ್ತು ಬಿಟ್ಟು ದಿನವೂ ಬೆಳಿಗ್ಗೆ ತಾಸುಗಟ್ಟಲೆ ಮಲಗಿಯೇ ಇರುತ್ತಾರೆ, ತಂಪಿನಲ್ಲೂ ಏಳಲಾರರು ಎಂದರೆ ಕಾಯಿಲೆಯೇ ಮುಂದೆ ಹೋಗುತ್ತಿದೆ ಎಂದರು. ಹೊಸದಾಗಿ ಎಂಆರ್‌ಐ ಮಾಡಿಸಿ, ಮುಂದಿನ ಭೇಟಿಯ ನಂತರ ಡ್ರಿಪ್ ಮೂಲಕ ಕೊಡುವ ಜೋರಾದ ಔಷಧಿ ಶುರು ಮಾಡೋಣ ಎಂದು ಬರೆದರು. ಅದು ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವಂಥದ್ದು. ಹಾಗಾಗಿ ನದಿಯಲ್ಲಿ ಮುಳುಗುವುದು, ಜಂಗುಳಿಯಲ್ಲಿ ನಿಲ್ಲುವುದು ಎರಡನ್ನೂ ಬಿಡಬೇಕೆಂದು ಸಮಾಧಾನವಾಗಿಯೇ ತಿಳಿಹೇಳಿದರು.

ನದಿ ಬಿಟ್ಟರೆ ಕೊಡ ಬಿಟ್ಟ ಹಾಗೆ, ಕೊಡ ಬಿಟ್ಟರೆ ಪೂಜೆ ಬಿಟ್ಟ ಹಾಗೆ. ಆಚಾರ್ರ ಚಿಕ್ಕಪ್ಪನ ಮಕ್ಕಳು ಹೊಸಪೇಟೆಯಲ್ಲಿ ಕಾಯುತ್ತಲೇ ಇದ್ದರು; ಒಮ್ಮೆ ಅವರ ಕೈಗೆ ಹೋದ ಪೂಜೆ ಮರಳಿ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಆಟೋ ಕಾಯುತ್ತ ನಿಂತಾಗ ಆಚಾರ್ರು ನನ್ನ ಮುಖ ನೋಡದೆ ಹೇಳಿದರು. "ನಾ ನಡಿಯಾಂಗಿಲ್ಲ ಅಂತ ನಿಮ್ಮ ಡಬ್ಬಿ ಹೇಳ್ತದ ಮೇಡಂ. ಗುಡಿಯೊಳಗ ನಾ ಚಲೋ ನಡೀತೀನ್ರಿ. ದೇವರ ಮುಂದ ಕಾಲು ನನ್ನ ಮಾತು ಕೇಳ್ತಾವ."

ರೋಗಿಗಳು ಹೀಗೆ ಹೇಳಿದಾಗ ನಾವು ಹೂಂ ಎನ್ನುತ್ತೇವೆ, ಭುಜ ತಟ್ಟುತ್ತೇವೆ. ನಾನೂ ಅಷ್ಟೇ ಮಾಡಿದೆ. ಆದರೆ ಸಂಡೂರಿನ ಬಸ್ಸಿನಲ್ಲಿ ಕುಳಿತ ಮೇಲೆ ಆ ಮಾತು ಬಿಡಲಿಲ್ಲ. ಮನೆ ಮುಟ್ಟಿದ ಕೂಡಲೇ ಪ್ರೋಗ್ರಾಂ ಬದಿಗಿಟ್ಟು, ಆಚಾರ್ರ ಡಬ್ಬಿ ಬರೆದುಕೊಂಡ ಕಚ್ಚಾ ದಾಖಲೆಯನ್ನೇ ತೆರೆದೆ. ರಾತ್ರಿ ನಿದ್ದೆಯ ಹೊತ್ತಿನಲ್ಲೂ ಗೆರೆಯಲ್ಲಿ ಸಣ್ಣ ಸಣ್ಣ ಕದಲಿಕೆಗಳಿದ್ದವು. ಮಲಗಿದವರು ಮಗ್ಗುಲು ಬದಲಿಸುತ್ತಾರೆ, ಎಂಎಸ್ ಇರುವವರ ಕಾಲಂತೂ ನಿದ್ದೆಯಲ್ಲೂ ಸೆಟೆಯುತ್ತದೆ. ಬೆಳಗಿನ 'ವಿಶ್ರಾಂತಿ'ಯಲ್ಲಿ ಅಂಥದ್ದೇನೂ ಇರಲಿಲ್ಲ. ಕಲ್ಲಿನ ಮೇಲಿಟ್ಟ ಹಾಗೆ ನೆಟ್ಟಗಿತ್ತು. ಜೀವ ಇರುವ ಕಾಲು ಅಷ್ಟು ಸುಮ್ಮನಿರುವುದಿಲ್ಲ.

ಮರುದಿನ ಹೇಳದೆ ಕೇಳದೆ ಮೊದಲ ಬಸ್ಸಿಗೆ ಹಂಪಿಗೆ ಹೋದೆ. ಮನೆಯ ಹತ್ತಿರ ಸುಳಿಯದೆ ನೇರವಾಗಿ ನದಿಯ ಮೆಟ್ಟಿಲಿನ ಮೇಲ್ತುದಿಗೆ ಹೋಗಿ ಬಂಡೆಯ ಪಕ್ಕ ನಿಂತೆ. ಸ್ವಲ್ಪ ಹೊತ್ತಿಗೆ ಕೆಳಗೆ ಆಚಾರ್ರು ನೀರಿನಿಂದ ಎದ್ದರು. ಒದ್ದೆ ಪಂಚೆ, ಒದ್ದೆ ಶಲ್ಯ, ಹೆಗಲ ಮೇಲೆ ತುಂಬಿದ ಕೊಡ. ಮೆಟ್ಟಿಲು ಹತ್ತತೊಡಗಿದರು. ಒಂದು ಕೈ ಕೊಡದ ಮೇಲಿತ್ತು, ಇನ್ನೊಂದು ಕೈ ಸುಮ್ಮನೆ ಬೀಸುತ್ತಿತ್ತು. ಬಲಗಾಲು ಪ್ರತಿ ಮೆಟ್ಟಿಲಿಗೂ ಪೂರ್ತಿ ಏಳುತ್ತಿತ್ತು, ಬೆರಳು ಎಲ್ಲೂ ತಾಗಲಿಲ್ಲ. ನಿನ್ನೆ ನನ್ನ ತೋಳಿಗೆ ಜೋತುಬಿದ್ದಿದ್ದ ಮನುಷ್ಯ ಇವರೇನಾ ಎಂದು ಕಣ್ಣುಜ್ಜಿ ನೋಡಿದೆ. ಪಾದದ ಗಂಟಿನ ಮೇಲೆ ಡಬ್ಬಿ ಇರಲಿಲ್ಲ.

ಡಬ್ಬಿ ಮನೆಯ ಗೋಡೆಯ ಗೂಡಿನಲ್ಲಿತ್ತು. ಸ್ನಾನಕ್ಕೆ ಮಾತ್ರ ಬಿಚ್ಚಿ ಎಂದು ನಾನು ಹೇಳಿದ್ದನ್ನು ಆಚಾರ್ರು ಅಕ್ಷರಶಃ ಪಾಲಿಸಿದ್ದರು. ಅವರ ಮನೆಯಲ್ಲಿ ಸ್ನಾನದಿಂದ ಮಡಿ ಶುರುವಾದರೆ ಪೂಜೆ, ನೈವೇದ್ಯ ಮುಗಿಯುವ ತನಕ ಬಿಡುವುದಿಲ್ಲ. ಮಡಿಯಲ್ಲಿ ನೈಲಾನ್ ಪಟ್ಟಿ ಮುಟ್ಟುವಂತಿಲ್ಲ. ಎಲ್ಲ ಮುಗಿಸಿ, ಒಣ ಬಟ್ಟೆ ಉಟ್ಟು, ಊಟ ಮಾಡಿದ ಮೇಲೆ ಕಟ್ಟಿಕೊಳ್ಳುತ್ತಿದ್ದರು. ಅಷ್ಟೊತ್ತಿಗೆ ಹಂಪಿಯ ಬಂಡೆಗಳು ಕಾದು ಒಲೆಯಾಗಿರುತ್ತಿದ್ದವು. ಎಲ್ಲಕ್ಕಿಂತ ಚೆನ್ನಾಗಿ ನಡೆಯುವ ಹೊತ್ತನ್ನು ಬಿಟ್ಟು, ಎಲ್ಲಕ್ಕಿಂತ ಕೆಟ್ಟ ಹೊತ್ತನ್ನು ಮಾತ್ರ ನಾವು ತಿಂಗಳುಗಟ್ಟಲೆ ಅಳೆದಿದ್ದೆವು. ಗೂಡಿನೊಳಗಿನ ಡಬ್ಬಿ ದಿನವೂ ವಿಶ್ರಾಂತಿ ತೆಗೆದುಕೊಂಡಿತ್ತು, ನಾನು ಅದನ್ನು ಆಚಾರ್ರ ತಲೆಗೆ ಕಟ್ಟಿದ್ದೆ.

ನನಗೆ ಪಿತ್ತ ನೆತ್ತಿಗೇರಿತ್ತು. ಪೂಜೆ ಮುಗಿಯುವ ತನಕ ಕಟ್ಟೆಯ ಮೇಲೆ ಕಾದು, ಇಷ್ಟು ದಿನ ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆಚಾರ್ರು ತಲೆ ಕೆರೆದುಕೊಂಡರು. "ನೀವು ಅಷ್ಟು ದೂರದಿಂದ ಬಂದು ಕಟ್ಟಿ ಹೋಗ್ತೀರಿ. ಮೈಲಿಗಿ ಅಂತ ನಿಮ್ಮ ಮುಂದ ಹ್ಯಾಂಗ ಅನ್ಲಿ? ಮೊದಲ ದಿನಾನ ನಮ್ಮವ್ವ ನಿಮ್ಮನ್ನ ಹೊರಗ ಕುಂದ್ರಿಸಿದ್ಲು. ಮತ್ತ ನೋಯಿಸೋದು ಬ್ಯಾಡ ಅಂತ ಬಿಟ್ಟೆ" ಎಂದರು. ನನ್ನ ಸಿಟ್ಟಿಗೆ ಅಲ್ಲಿಯೇ ನೀರು ಬಿತ್ತು. ನನ್ನನ್ನು ನೋಯಿಸಬಾರದೆಂದು ಸುಮ್ಮನಿದ್ದವರು ಇನ್ನೇನು ತಮ್ಮ ಗುಡಿಯನ್ನೇ ಕಳೆದುಕೊಳ್ಳುವುದರಲ್ಲಿದ್ದರು.

ವೈದ್ಯರಿಗೆ ಫೋನು ಮಾಡಿದೆ. ಅವರು ಬೈಯಲಿಲ್ಲ, ನಂಬಲೂ ಇಲ್ಲ. ಒಂದು ಬೆಳಿಗ್ಗೆ ನೀವು ಕಣ್ಣಲ್ಲಿ ಕಂಡದ್ದು ದಾಖಲೆಯಾಗುವುದಿಲ್ಲ, ಮುಂದಿನ ಭೇಟಿಗೆ ಅಳತೆ ತನ್ನಿ, ಅಲ್ಲಿಯವರೆಗೆ ನನ್ನ ತೀರ್ಮಾನ ಹಾಗೆಯೇ ಇರುತ್ತದೆ ಎಂದರು. ನಮ್ಮ ಗೈಡ್ ಮೇಡಂ ಮಾತ್ರ ಬೇರೆ ಹಾದಿ ತೋರಿಸಿದರು. ಬೆಳಗಿನ ಭಾಗವನ್ನು ತೆಗೆದುಹಾಕಿ, ಮಧ್ಯಾಹ್ನದ ನಡಿಗೆಯ ಅಧ್ಯಯನ ಎಂದು ಹೆಸರು ಬದಲಿಸಿ ಈ ಬ್ಯಾಚಿನಲ್ಲೇ ಸಲ್ಲಿಸಿಬಿಡು. ಮತ್ತೆ ಮೊದಲಿನಿಂದ ಶುರು ಮಾಡಿದರೆ ಪದವಿ ಮುಂದಿನ ಬ್ಯಾಚಿಗೆ ಹೋಗುತ್ತದೆ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪ್ರಬಂಧ ಪಾಸಾಗುತ್ತಿತ್ತು. ಆದರೆ ಆಚಾರ್ರ ಗೆರೆ ಕೆಳಗೇ ಇರುತ್ತಿತ್ತು, ಮತ್ತು ಆ ಗೆರೆಯನ್ನು ಎಳೆದವಳು ನಾನು. ಒಂದು ದಿನ ಊಟ ಸೇರಲಿಲ್ಲ. ಮರುದಿನ ಹೋಗಿ, ಮತ್ತೆ ಮೊದಲಿನಿಂದ ಮಾಡುತ್ತೇನೆ ಎಂದೆ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಗೆಳತಿ ಮಾತ್ರ ಸಿಡಿದುಬಿದ್ದಳು. "ಲೇ, ಇಷ್ಟು ತಿಂಗಳದ್ದು ಎಲ್ಲಾ ಕಸಕ್ಕ ಹಾಕಂತಿಯಲ್ಲ, ತಲಿ ಕೆಟ್ಟದೇನು ನಿಂಗ?" ಎಂದಳು. ಹತ್ತು ನಿಮಿಷ ಬೈದು, ಆಮೇಲೆ ಹೊಸ ಡಬ್ಬಿಯ ಚಿತ್ರ ಬರೆಯಲು ಕುಳಿತಳು.

ಈಗ ಮಡಿಯೊಳಗೆ ಹೋಗಬಲ್ಲ ಒಂದು ಡಬ್ಬಿ ಬೇಕಿತ್ತು. ಅದಕ್ಕೆ ಅಪ್ಪಣೆ ಕೊಡಬೇಕಾದವರು ಯಾವ ಸಮಿತಿಯೂ ಅಲ್ಲ, ಆಚಾರ್ರ ತಾಯಿ. ನಾನು ಹೋಗಿ ಅವರ ಮುಂದೆ ನೆಲದ ಮೇಲೆ ಕುಳಿತು ಎಲ್ಲ ಬಿಡಿಸಿ ಹೇಳಿದೆ. ಬೆಳಗಿನ ಲೆಕ್ಕ ಸಿಗದಿದ್ದರೆ ಪೂಜೆ ಕೈತಪ್ಪುತ್ತದೆ ಎಂದೂ ಹೇಳಿದೆ. ನಾನು ಅಜ್ಜಿ ಎಂದೇ ಕರೆಯುತ್ತಿದ್ದ ಅವರು ಬತ್ತಿ ಹೊಸೆಯುತ್ತ ಎಲ್ಲ ಕೇಳಿಸಿಕೊಂಡರು. ಒಗೆದು ಒಣಹಾಕಿದ ಹತ್ತಿ ಬಟ್ಟೆಗೆ ಯಾರಾದರೂ ತಾಗಿದರೆ ಮಡಿ ಕೆಡುತ್ತದೆ, ಆದರೆ ಪಟ್ಟೆಗೆ, ಅಂದರೆ ರೇಷ್ಮೆಗೆ, ಅಷ್ಟು ಕಟ್ಟುನಿಟ್ಟಿಲ್ಲ ಎಂಬುದು ನನಗೆ ಆಗ ತಿಳಿಯಿತು. ಡಬ್ಬಿಯ ಪ್ಲಾಸ್ಟಿಕ್ಕಿನ ಬಗ್ಗೆ ಅಳುಕುತ್ತಲೇ ಕೇಳಿದೆ. "ಹೊರಗ ಪಟ್ಟೆ ಇರ್ಲಿ. ಒಳಗ ಏನದ ಅಂತ ನಾ ಕೇಳಂಗಿಲ್ಲ, ನೀ ಹೇಳಬ್ಯಾಡ" ಎಂದು ಅಜ್ಜಿ ತೀರ್ಪು ಕೊಟ್ಟರು. ಆದರೆ ಪಟ್ಟೆಯನ್ನು ಕಾಲಿಗೆ ಕಟ್ಟಲು ಒಪ್ಪಲಿಲ್ಲ. ಉಡುದಾರಕ್ಕೆ ಕಟ್ಟಬಹುದು ಎಂದರು. ಒಳಗೆ ಹೋಗಿ ತಮ್ಮ ಹಳೆಯ ಪಟ್ಟೆ ಸೀರೆಯ ಸೆರಗಿನ ಒಂದು ತುಂಡನ್ನು ತಾವೇ ಹರಿದು ತಂದರು.

ಕಂಪ್ಲಿಯ ಅಕ್ಕ ಆ ತುಂಡಿನಿಂದ ಎರಡು ಪದರದ ಪುಟ್ಟ ಚೀಲ ಹೊಲಿದುಕೊಟ್ಟಳು. ಅವಳ ಕಾಲೂ ಆ ದಿನಗಳಲ್ಲಿ ಮಿಶಿನ್ನಿನ ಪೆಡಲ್ ಮೇಲೆ ತಡವರಿಸುತ್ತಿತ್ತು, ಮೋಟಾರು ಹಾಕಿಸಿಕೊಂಡಿದ್ದಳು. ಯಾರಿಗೆ ಈ ಚೀಲ ಎಂದು ಕೇಳಿ, ಕಥೆಯೆಲ್ಲ ತಿಳಿದ ಮೇಲೆ, "ಅವ್ರಿಗೆ ಗುಣ ಕಂಡ್ರ ನಂಗೂ ಹೇಳು ತಂಗಿ. ನನ್ನ ಕೋಣಿ ಸಂಜಿ ತನಕ ಕೆಂಡ ಆಗಿರ್ತದ" ಎಂದಳು. ಹೊಲಿಗೆಯ ಕೂಲಿ ಕೊಡಲು ಹೋದರೆ ಕೈ ತಳ್ಳಿದಳು.

ಕಾಲಿನಿಂದ ನಡುವಿಗೆ ಬಂದ ಕೂಡಲೇ ನಮ್ಮ ಲೆಕ್ಕವೆಲ್ಲ ತಲೆಕೆಳಗಾಯಿತು. ಪಾದದ ಗಂಟಿನ ಹತ್ತಿರ ಕಟ್ಟಿದ ಡಬ್ಬಿಗೆ ಕಾಲೆತ್ತಿದ್ದು ನೇರವಾಗಿ ತಿಳಿಯುತ್ತದೆ. ಸೊಂಟದ ಹಿಂದೆ ಕಟ್ಟಿದ್ದಕ್ಕೆ ತಿಳಿಯುವುದು ಮೈಯ ಓಲಾಟ, ಎಡಬಲದ ಏರುಪೇರು. ಅದರಿಂದ ಹೆಜ್ಜೆಯನ್ನು ಓದಲು ಬೇರೆಯೇ ಲೆಕ್ಕ ಬೇಕು. ಹೊಸಪೇಟೆಯ ಆಸ್ಪತ್ರೆಯ ಓಣಿಯಲ್ಲಿ ಮೊದಲು ನಾನು, ಆಮೇಲೆ ಗೆಳತಿ, ಆಮೇಲೆ ಮೂವರು ರೋಗಿಗಳು ಕಾಲಿಗೊಂದು ನಡುವಿಗೊಂದು ಡಬ್ಬಿ ಕಟ್ಟಿಕೊಂಡು ಹೋಗಿ ಬಂದು ಮಾಡಿದೆವು. ನರ್ಸಮ್ಮಂದಿರು ನಮ್ಮನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಎರಡೂ ಡಬ್ಬಿಗಳ ಉತ್ತರ ಒಂದಕ್ಕೊಂದು ತಾಳೆಯಾಗುವವರೆಗೆ ಗೆಳತಿ ಪ್ರೋಗ್ರಾಂ ತಿದ್ದುತ್ತಲೇ ಹೋದಳು.

ತಾಳೆಯಾಯಿತು ಎಂದು ಖುಷಿಪಟ್ಟು ಹಂಪಿಗೆ ಒಯ್ದರೆ ಮೊದಲ ದಿನವೇ ಡಬ್ಬಿ ಕೈಕೊಟ್ಟಿತು. ಆಚಾರ್ರು ಅದನ್ನು ಕಟ್ಟಿಕೊಂಡೇ ನದಿಯಲ್ಲಿ ಮುಳುಗಿದ್ದರು. ತೆರೆದು ನೋಡಿದರೆ ಒಳಗೆ ತುಂಗಭದ್ರೆಯೇ ಇದ್ದಳು. ಚಿಪ್ ಸತ್ತಿತ್ತು. ಇನ್ನೊಂದು ಡಬ್ಬಿಗೆ ಅಂಚಿನಲ್ಲಿ ರಬ್ಬರಿನ ಉಂಗುರ ಕೂರಿಸಿ, ಸಂದಿಗೆಲ್ಲ ಸಿಲಿಕಾನ್ ಅಂಟು ಮೆತ್ತಿ, ಗೆಳತಿಯ ಮನೆಯ ಬಕೆಟ್ಟಿನಲ್ಲಿ ಇಡೀ ದಿನ ಮುಳುಗಿಸಿಟ್ಟು, ಒಳಗೆ ಹನಿ ನೀರೂ ಹೋಗಿಲ್ಲ ಎಂದು ಖಾತ್ರಿಯಾದ ಮೇಲೆ ಒಯ್ದೆ. ತಜ್ಞರು ಬರುವ ದಿನ ಹತ್ತಿರವಾಗುತ್ತಿತ್ತು, ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ.

ಬೆಳಗಿನ ಮೊದಲ ದಾಖಲೆ ಸಿಕ್ಕ ದಿನ ನಾನು ಹಂಪಿಯ ಬಸ್‌ಸ್ಟ್ಯಾಂಡಿನಲ್ಲೇ ಲ್ಯಾಪ್‌ಟಾಪ್ ತೆರೆದೆ. ನೆಟ್ಟಗೆ ಕಲ್ಲಿನ ಹಾಗಿದ್ದ ಜಾಗದಲ್ಲಿ ಈಗ ಹೆಜ್ಜೆಗಳಿದ್ದವು. ಮೆಟ್ಟಿಲು ಇಳಿದದ್ದು, ಹತ್ತಿದ್ದು, ಪ್ರದಕ್ಷಿಣೆ ಹಾಕಿದ್ದು ಎಲ್ಲವೂ ಬೇರೆ ಬೇರೆಯಾಗಿ ಓದಬಹುದಿತ್ತು. ಎಡಬಲದ ಅಂತರ ಆರೋಗ್ಯವಂತರಿಗೆ ಹತ್ತಿರ ಹತ್ತಿರವಾಗಿತ್ತು. ಕಣ್ಣು ತುಂಬಿಬಂತು, ಪಕ್ಕದಲ್ಲಿ ಕುಳಿತಿದ್ದ ಬಾಳೆಹಣ್ಣಿನ ಹೆಂಗಸು ಮನೆಯಲ್ಲಿ ಏನಾದರೂ ಕೆಟ್ಟ ಸುದ್ದಿಯೇ ಎಂದು ವಿಚಾರಿಸಿದಳು.

ಆದರೂ ಅಷ್ಟಕ್ಕೇ ವೈದ್ಯರು ಒಪ್ಪುವಂತಿರಲಿಲ್ಲ. ಬೆಳಗಿನ ಹೊತ್ತು ಯಾರಿಗಾದರೂ ಹುರುಪಿರುತ್ತದೆ, ದಣಿವು ಕಡಿಮೆ. ತಂಪೇ ಕಾರಣ ಎಂದು ತೋರಿಸಬೇಕಾದರೆ ಸುಡುವ ಮಧ್ಯಾಹ್ನದಲ್ಲೇ ತೋರಿಸಬೇಕು. ಆಚಾರ್ರನ್ನು ಹಾಗೆಯೇ ನಡೆಸಿದೆ: ಗುಡಿಯ ಪ್ರಾಕಾರದ ಒಂದೇ ಕಲ್ಲುಹಾಸು, ಒಂದೇ ದೂರ, ಒಂದೇ ಹೊತ್ತು. ಕೆಲವು ದಿನ ಒಣ ಬಟ್ಟೆಯಲ್ಲಿ, ಕೆಲವು ದಿನ ಬಾವಿಯ ನೀರಿನಲ್ಲಿ ಅದ್ದಿದ ಶಲ್ಯ ಹೊದ್ದು ಸ್ವಲ್ಪ ಹೊತ್ತು ನೆರಳಿನಲ್ಲಿ ಕುಳಿತ ನಂತರ. ನಮ್ಮ ಕಡೆಯ ಗಾಳಿ ಒಣ ಗಾಳಿ, ಒದ್ದೆ ಬಟ್ಟೆಯನ್ನು ಬೇಗ ಆರಿಸುತ್ತದೆ, ಆರುವಾಗ ಮೈಯನ್ನು ತಂಪಾಗಿಸುತ್ತದೆ. ಪ್ರತಿ ನಡಿಗೆಗೆ ಮುಂಚೆ ಮೈಯ ಉಷ್ಣತೆ ಅಳೆದೆ. ದಾಖಲೆಗಳನ್ನು ಗೆಳತಿಗೆ ಕಳಿಸುವಾಗ ಯಾವುದು ಒದ್ದೆಯದು ಯಾವುದು ಒಣದ್ದು ಎಂದು ಹೇಳಲಿಲ್ಲ, ದಿನಾಂಕವನ್ನೂ ಅಳಿಸಿದೆ. ಬರೀ ನಡಿಗೆ ನೋಡಿ ಎರಡು ಗುಂಪು ಮಾಡು ಎಂದೆ.

ಅದರ ನಡುವೆ ಯಶವಂತನಗರದಿಂದ ಗುಮಾಸ್ತರು ಫೋನು ಮಾಡಿದರು. ಅಷ್ಟು ದಿನ ಸಮನಾಗಿದ್ದ ಅವರ ಗೆರೆ ಒಮ್ಮೆಲೇ ಕುಸಿದಿತ್ತು, ನಾನೂ ಅದನ್ನು ನೋಡಿ ಗಾಬರಿಯಾಗಿದ್ದೆ. "ಕ್ಯಾಬಿನ್ ಏಸಿ ಕೆಟ್ಟದ್ರಿ ಮೇಡಂ. ಕಾಲು ಕಟಿಗಿ ಆಗ್ಯಾವ, ಕುರ್ಚಿ ಬಿಟ್ಟು ಏಳಾಕ ಆಗವಲ್ದು" ಎಂದರು. ಕಂಪನಿಯವರು ಏಸಿ ರಿಪೇರಿ ಮಾಡಿಸಿದ ಮರುದಿನ ಗೆರೆ ಮತ್ತೆ ತನ್ನ ಜಾಗಕ್ಕೆ ಬಂತು. ನಾನು ಅಪೇಕ್ಷಿಸದೆ ಇದ್ದ ಸಾಕ್ಷಿ ಅದಾಗಿಯೇ ನಡೆದು ಬಂದಿತ್ತು.

ಗೆಳತಿ ಗುಂಪು ಮಾಡಿ ಕಳಿಸಿದಳು. ನಾನು ನನ್ನ ಪಟ್ಟಿಯ ಜೊತೆ ಹೊಂದಿಸಿ ನೋಡಿದೆ. ಒದ್ದೆಯ ದಿನಗಳೆಲ್ಲ ಒಂದು ಕಡೆ, ಒಣ ದಿನಗಳೆಲ್ಲ ಇನ್ನೊಂದು ಕಡೆ. ಒಂದೇ ಒಂದು ದಾಖಲೆ ಮಾತ್ರ ಅಡ್ಡ ಕುಳಿತಿತ್ತು. ಒದ್ದೆ ಶಲ್ಯ ಹೊದ್ದರೂ ಆ ದಿನ ಆಚಾರ್ರು ಕೆಟ್ಟದಾಗಿ ನಡೆದಿದ್ದರು. ಪಂಚಾಂಗ ತೆಗೆದರೆ ಅದು ಏಕಾದಶಿ. ಆ ಬಿಸಿಲಿನಲ್ಲಿ ಒಂದು ಹನಿ ನೀರನ್ನೂ ಕುಡಿಯದೆ ಉಪವಾಸ ಮಾಡಿದ್ದರು. ಆ ದಾಖಲೆಯನ್ನು ನಾವು ಬಿಸಾಡಲಿಲ್ಲ, ಕಾರಣ ಬರೆದು ಹಾಗೆಯೇ ಇಟ್ಟೆವು. ಆಚಾರ್ರಿಗೂ ಅದನ್ನು ತೋರಿಸಿದೆ. ಅಜ್ಜಿಯೇ ಮುಂದೆ ಬಂದು, ಕಾಯಿಲೆಯವರು ನೀರು ಕುಡಿದರೆ ಏಕಾದಶಿ ಕೆಡುವುದಿಲ್ಲ ಎಂದು ಇನ್ನೊಂದು ತೀರ್ಪು ಕೊಟ್ಟುಬಿಟ್ಟರು.

ತಜ್ಞರು ಬಂದ ದಿನ ಹೊಸಪೇಟೆಯಲ್ಲಿ ಡಾಂಬರು ಕರಗುತ್ತಿತ್ತು. ಆಚಾರ್ರು ಆಟೋದಿಂದ ಇಳಿದವರೇ ಮತ್ತೆ ನನ್ನ ತೋಳು ಹಿಡಿದರು. ಹೊಸ ಎಂಆರ್‌ಐ ಚಿತ್ರ ವೈದ್ಯರ ಮೇಜಿನ ಮೇಲಿತ್ತು, ಹಳೆಯದರ ಪಕ್ಕದಲ್ಲಿಟ್ಟು ನೋಡುತ್ತಿದ್ದರು. ನಾನು ಕಾಗದಗಳನ್ನು ಮುಂದಿಟ್ಟೆ. ಗೂಡಿನೊಳಗಿನ ವಿಶ್ರಾಂತಿಯಿಂದ ಹಿಡಿದು ಏಕಾದಶಿಯವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದೆ. ಅವರು ಕಾಗದ ಬಿಟ್ಟು ಎದ್ದು, ತಾವೇ ಗಡಿಯಾರ ಹಿಡಿದು ಓಣಿಗೆ ಬಂದರು. ಇಪ್ಪತ್ತೈದು ಅಡಿ ನಡೆಸಿದರು, ಆಚಾರ್ರು ಗೋಡೆ ಸವರುತ್ತ ಮುಗಿಸಿದರು. ಆಮೇಲೆ ಶಲ್ಯವನ್ನು ಒದ್ದೆ ಮಾಡಿ ಕುತ್ತಿಗೆ, ಬೆನ್ನಿಗೆ ಹೊದಿಸಿ ಫ್ಯಾನಿನ ಕೆಳಗೆ ಕೂರಿಸಲು ಹೇಳಿದರು. ಆ ಹೊತ್ತಿನಲ್ಲಿ ಬೇರೆ ಇಬ್ಬರು ರೋಗಿಗಳನ್ನು ನೋಡಿದರು. ಮತ್ತೆ ಬಂದು, ನಡೀರಿ ಎಂದರು.

ಆಚಾರ್ರು ಎದ್ದರು. ಗೋಡೆಯ ಕಡೆ ಕೈ ಹೋಗಲಿಲ್ಲ. ಬಲಗಾಲು ಎದ್ದಿತು, ಮುಂದೆ ಹೋಯಿತು, ಹಿಮ್ಮಡಿ ಮೊದಲು ಊರಿತು. ಗುರುತು ಹಾಕಿದ ಜಾಗ ದಾಟಿದರೂ ನಿಲ್ಲದೆ ಓಣಿಯ ಕೊನೆಯ ಕಿಟಕಿಯವರೆಗೆ ಹೋಗಿ ತಿರುಗಿ ನಿಂತರು. ಶಲ್ಯದ ನೀರು ನೆಲದ ಮೇಲೆ ಸಾಲಾಗಿ ಬಿದ್ದಿತ್ತು. ವೈದ್ಯರು ಗಡಿಯಾರ ನೋಡಿ, ನನ್ನ ಕಡೆ ತಿರುಗಿದರು. "ಎಂಆರ್‌ಐಯಲ್ಲಿ ಹೊಸ ಕಲೆ ಒಂದೂ ಇಲ್ಲ. ಆದರೂ ನಡಿಗೆ ಬಿದ್ದದ್ದಕ್ಕೆ ಕಾರಣ ಗೊತ್ತಾಗದೆ ಇದ್ದಿದ್ದರೆ ಔಷಧಿ ಬದಲಿಸುತ್ತಿದ್ದೆ. ಈಗ ಬದಲಿಸಲ್ಲ. ಕಾಯಿಲೆ ಮುಂದೆ ಹೋಗಿಲ್ಲ" ಎಂದರು. ಆಮೇಲೆ ಆಚಾರ್ರಿಗೆ, ಈಗಿನ ಮಾತ್ರೆಯನ್ನೇ ತಪ್ಪದೆ ತಗೊಳ್ಳಿ, ನದಿ ಬಿಡಬೇಡಿ, ಮಧ್ಯಾಹ್ನದ ಬಿಸಿಲು ಬಿಡಿ ಎಂದು ಹೇಳಿ ಡ್ರಿಪ್‌ನ ಚೀಟಿಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಆಚಾರ್ರು ಕೈಮುಗಿದವರು ಬಹಳ ಹೊತ್ತು ಕೈ ಇಳಿಸಲಿಲ್ಲ. ನಾನು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತು ಗೆಳತಿಗೆ ಫೋನು ಮಾಡಿದೆ. ಇಬ್ಬರೂ ಏನೇನೋ ಕೂಗಾಡಿದೆವು, ಒಂದೂ ನೆನಪಿಲ್ಲ.

ಅಲ್ಲಿಂದ ಕೆಲಸದ ರೂಪವೇ ಬದಲಾಯಿತು. ಅಷ್ಟು ದಿನ ಬರೀ ನಡಿಗೆ ನೋಡುತ್ತಿದ್ದವಳು ಈಗ ಚಿಕಿತ್ಸೆಗೆ ಇಳಿದೆ. ಮೊದಲು ಮೈ ತಂಪು, ಆಮೇಲೆ ವ್ಯಾಯಾಮ. ಆಚಾರ್ರ ಕಾಲಿನ ವ್ಯಾಯಾಮವನ್ನು ಮಧ್ಯಾಹ್ನದಿಂದ ತೆಗೆದು ನದಿಯ ಸ್ನಾನದ ಬೆನ್ನಿಗೇ ಇಟ್ಟೆವು. ಮೊದಲು ಅರ್ಧಕ್ಕೇ ಸೋತು ಕೂರುತ್ತಿದ್ದವರು ಈಗ ಪೂರ್ತಿ ಮಾಡಿ ಇನ್ನೂ ಇದೆಯೇ ಎಂದು ಕೇಳುತ್ತಿದ್ದರು. ಕಂಪ್ಲಿಯ ಅಕ್ಕ ಒಳಗೆ ಒದ್ದೆ ಬಟ್ಟೆ ಇಡಲು ಕಿಸೆಗಳಿರುವ ಹತ್ತಿಯ ಅರೆತೋಳಿನ ಅಂಗಿ ಹೊಲಿದಳು. ಒಂದನ್ನು ತಾನೇ ತೊಟ್ಟು ಮಿಶಿನ್ನಿನ ಮೋಟಾರು ಬಿಚ್ಚಿಸಿ ಮತ್ತೆ ಪೆಡಲ್ ತುಳಿದಳು. ಇನ್ನೊಂದನ್ನು ಗುಮಾಸ್ತರು ಕಂಪನಿಯ ಅಂಗಿಯ ಒಳಗೆ ತೊಟ್ಟು, ಏಸಿ ಕೈಕೊಟ್ಟ ದಿನವೂ ಲಾರಿಗಳನ್ನು ನಿಲ್ಲಿಸಲಿಲ್ಲ. ಮೂರೂ ಗೆರೆಗಳು ಆ ಬೇಸಿಗೆಯ ಕಡುಬಿಸಿಲಿನಲ್ಲಿ ಮೇಲೇರಿದವು. ನನ್ನ ಬ್ಯಾಚಿನವರೆಲ್ಲ ಪದವಿಯ ಗೌನು ಹಾಕಿಕೊಂಡ ಫೋಟೋ ಕಳಿಸಿದಾಗ ನಾನು ದರೋಜಿಯ ಹತ್ತಿರ ಕೆಟ್ಟು ನಿಂತ ಬಸ್ಸಿನಲ್ಲಿ ಮಂಡಿಯ ಮೇಲೆ ಅಂಗಿಗಳ ಗಂಟು ಇಟ್ಟುಕೊಂಡು ಕುಳಿತಿದ್ದೆ. ಒಂದಿಷ್ಟೂ ಹೊಟ್ಟೆಕಿಚ್ಚಾಗಲಿಲ್ಲ. ಮುಂದಿನ ಬ್ಯಾಚಿನಲ್ಲಿ ಪ್ರಬಂಧ ಒಪ್ಪಿಸಿದಾಗ ಗೈಡ್ ಮೇಡಂ, ಪಟ್ಟೆ ಚೀಲದ ಚಿತ್ರವನ್ನು ಮೊದಲ ಪುಟಕ್ಕೇ ಹಾಕು ಎಂದರು.

ಮಡಿಯ ಬಗ್ಗೆ ನನ್ನ ಸಿಟ್ಟು ಇಳಿದಿದೆ ಎಂದು ಯಾರೂ ತಿಳಿಯಬೇಕಿಲ್ಲ. ಕೆಲಸ ಮಾಡಿದ್ದು ನೀರು ಮತ್ತು ಗಾಳಿ. ಹಾಗೆಂದು ಅಜ್ಜಿಯ ಮುಂದೆಯೂ ಹೇಳಿದ್ದೇನೆ. ಅಜ್ಜಿ, ನೀರು ಯಾರದಮ್ಮ ಎಂದು ಕೇಳಿ ಬತ್ತಿ ಹೊಸೆಯುವುದನ್ನು ಮುಂದುವರಿಸಿದರು.

ಅಧ್ಯಯನ ಮುಗಿದ ಮೇಲೆ ಡಬ್ಬಿ ವಾಪಸ್ಸು ತರಲು ಕೊನೆಯ ಸಲ ಹಂಪಿಗೆ ಹೋದೆ. ಬೇಕೆಂದೇ ಬೆಳಿಗ್ಗೆ ಹೋದೆ. ಮೆಟ್ಟಿಲಿನ ಅರ್ಧದಲ್ಲಿ, ನದಿಯ ಕಡೆ ಮುಖ ಮಾಡಿ ಕುಳಿತೆ. ಆಚಾರ್ರು ನೀರಿನಿಂದ ಎದ್ದು, ಕೊಡ ಹೆಗಲಿಗೇರಿಸಿ, ಹತ್ತತೊಡಗಿದರು. ಕೊಡ ಎತ್ತಲು ತಿರುಗಿ ಬಾಗಿದಾಗ ಒದ್ದೆ ಪಂಚೆಯ ಮೇಲೆ ಉಡುದಾರಕ್ಕೆ ಕಟ್ಟಿದ ಪಟ್ಟೆ ಚೀಲ ಕಂಡಿತ್ತು. ನನ್ನ ಹತ್ತಿರ ಬರುತ್ತಿದ್ದಂತೆ ಅಭ್ಯಾಸಬಲದಿಂದ ಎದ್ದು ನಿಂತು, ಆಸರೆಗೆಂದು ತೋಳು ಮುಂದೆ ಚಾಚಿದೆ. ಆಚಾರ್ರು ಒಂದು ಮೆಟ್ಟಿಲು ಕೆಳಗೆ ನಿಂತರು. ಉಸಿರು ಸಮನಾಗಿತ್ತು.

"ದೂರ ಸರೀರಿ ಮೇಡಂ, ಮಡಿ ಅದ" ಎಂದರು. ಹೇಳುವಾಗ ನಗುತ್ತಿದ್ದರು.

ನಾನು ಕೈ ಹಿಂದಕ್ಕೆ ತೆಗೆದುಕೊಂಡು ಬಂಡೆಗೆ ಒತ್ತಿ ನಿಂತೆ. ಆಚಾರ್ರು ನನ್ನನ್ನು ದಾಟಿ ಮೇಲೆ ಹತ್ತಿ ಹೋದರು.